ಒಪಿನೆಲ್ ನಂ. 8: ಮರದ ಹಿಡಿಯ ಈ ಮಡಚುವ ಚಾಕು ಕೊಳ್ಳಲು ಯೋಗ್ಯವೆ?

ನೂರ ಮೂವತ್ತು ವರ್ಷಗಳಿಗೂ ಹೆಚ್ಚು ಇತಿಹಾಸವುಳ್ಳ ಫ್ರಾನ್ಸಿನ ಒಪಿನೆಲ್ ಚಾಕು ಈಗ ನಮ್ಮ ನಗರಗಳ ಗ್ರಾಹಕರಿಗೂ ಅಪರಿಚಿತವಲ್ಲ. ಆದರೆ ಅದು ಹುಟ್ಟಿದ್ದು ಆಲ್ಪ್ಸ್‌ನ ತಂಪು ಹವೆಯಲ್ಲಿ. ನಮ್ಮ ಮಳೆ, ನಮ್ಮ ಮಾವು-ನಿಂಬೆ ಮತ್ತು ನಮ್ಮ ಅಭ್ಯಾಸಗಳಿಗೆ ಅದು ಹೊಂದುತ್ತದೆಯೆ?

ಒಂದು ಚಾಕು ಕೊಳ್ಳುವುದಕ್ಕೆ ಇಷ್ಟೊಂದು ಯೋಚಿಸಬೇಕೆ ಎಂದು ಯಾರಾದರೂ ಕೇಳಬಹುದು. ಅಡುಗೆಮನೆಗೆ ಬೇಕಾದ ಚಾಕು ಸಂತೆಯಲ್ಲೋ ಪಾತ್ರೆ ಅಂಗಡಿಯಲ್ಲೋ ಕೆಲವೇ ರೂಪಾಯಿಗಳಿಗೆ ದೊರೆಯುತ್ತದೆ. ಅದು ಮೊಂಡಾದರೆ ಇನ್ನೊಂದು ಬರುತ್ತದೆ. ಮಡಚುವ ಚಾಕುವಿನ ಮಾತು ಬೇರೆ. ಅದು ಜೇಬಿನಲ್ಲಿ, ಪ್ರಯಾಣದ ಚೀಲದಲ್ಲಿ, ಕಾರಿನ ಡಬ್ಬಿಯಲ್ಲಿ, ಕೆಲವೊಮ್ಮೆ ಮಕ್ಕಳ ಕೈಗೆಟಕುವಲ್ಲಿ ಇರುತ್ತದೆ. ಕೆಲಸದ ನಡುವೆ ಅಲಗು ಹಠಾತ್ತನೆ ಮಡಚಿಕೊಂಡರೆ ಗಾಯವಾಗುವುದು ಹಿಡಿದವರ ಬೆರಳಿಗೇ. ಆದ್ದರಿಂದ ಬೆಲೆ ಮತ್ತು ಅಂದ ಎರಡನ್ನೂ ಬದಿಗಿಟ್ಟು, ಅದು ಹೇಗೆ ತಯಾರಾಗಿದೆ, ಯಾವ ಕೆಲಸಕ್ಕೆ ಒದಗುತ್ತದೆ, ಎಷ್ಟು ಆರೈಕೆ ಕೇಳುತ್ತದೆ ಎಂಬುದನ್ನು ಮೊದಲು ತಿಳಿಯುವುದು ಒಳಿತು.

ಕಮ್ಮಾರನ ಮಗನ ಕೈಚಳಕ

ಫ್ರಾನ್ಸಿನ ಆಗ್ನೇಯ ಭಾಗದಲ್ಲಿರುವ ಸವೋಯ್ ಪ್ರಾಂತ್ಯ ಬೆಟ್ಟಗುಡ್ಡಗಳ ನಾಡು. ಅಲ್ಲಿನ ಮೋರಿಯೆನ್ ಕಣಿವೆಯಲ್ಲಿ ಒಪಿನೆಲ್ ಮನೆತನದವರು ಕೊಡಲಿ, ಕುಡುಗೋಲು ಮೊದಲಾದ ಕೃಷಿ ಸಲಕರಣೆಗಳನ್ನು ಬಡಿದು ಕೊಡುವ ಕುಲುಮೆ ನಡೆಸುತ್ತಿದ್ದರು. ಆ ಮನೆಯ ಮಗ ಜೋಸೆಫ್ ಒಪಿನೆಲ್ ಹುಟ್ಟಿದ್ದು 1872ರಲ್ಲಿ. ಹದಿನೆಂಟರ ಹರೆಯದಲ್ಲಿ, ಅಂದರೆ 1890ರಲ್ಲಿ, ಆತ ಮರದ ಹಿಡಿಯ ಪುಟ್ಟ ಮಡಚುವ ಚಾಕುವೊಂದನ್ನು ರೂಪಿಸಿದ. ಜೇಬಿನಲ್ಲಿ ಹಿಡಿಸುವ, ಗಟ್ಟಿಮುಟ್ಟಾದ, ಬಡ ರೈತನೂ ಕೊಳ್ಳಬಲ್ಲ ಚಾಕು ಅದು. ರೊಟ್ಟಿ, ಗಿಣ್ಣು ಕತ್ತರಿಸಲಿಕ್ಕೂ ದ್ರಾಕ್ಷಿ ಬಳ್ಳಿಯ ಕುಡಿ ಕೊಯ್ಯಲಿಕ್ಕೂ ಅದೊಂದೇ ಸಾಕಾಗುತ್ತಿತ್ತು.

1897ರ ವೇಳೆಗೆ ಈ ಚಾಕು 1ರಿಂದ 12ರವರೆಗಿನ ಅಳತೆಗಳಲ್ಲಿ ತಯಾರಾಗತೊಡಗಿತು. ಹೆಸರಿನ ಮುಂದಿರುವ ಸಂಖ್ಯೆ ಅಳತೆಯ ಸೂಚಕ. 1909ರಲ್ಲಿ ಅದಕ್ಕೆ ಕಿರೀಟ ಹೊತ್ತ ಹಸ್ತದ ಮುದ್ರೆ ಬಂದಿತು. ಮೂರು ಬೆರಳು ಎತ್ತಿ ಆಶೀರ್ವದಿಸುವ ಆ ಹಸ್ತ ಕಣಿವೆಯ ಮುಖ್ಯ ಪಟ್ಟಣದ ಲಾಂಛನದಿಂದ ಬಂದದ್ದು. ಕಿರೀಟ ಸವೋಯ್ ಅರಸೊತ್ತಿಗೆಯ ನೆನಪು. ಕಾರ್ಖಾನೆ ಮುಂದೆ ಶಾಂಬೆರಿ ನಗರದ ಸಮೀಪಕ್ಕೆ ಸ್ಥಳಾಂತರಗೊಂಡಿತಾದರೂ ಸವೋಯ್ ಪ್ರಾಂತ್ಯವನ್ನು ಬಿಟ್ಟು ಹೋಗಲಿಲ್ಲ. 1985ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಜಗತ್ತಿನ ನೂರು ಅತ್ಯುತ್ತಮ ವಿನ್ಯಾಸಗಳಲ್ಲಿ ಒಪಿನೆಲನ್ನೂ ಸೇರಿಸಿತು. ಇಷ್ಟಾದರೂ ಫ್ರಾನ್ಸಿನಲ್ಲಿ ಅದು ಇಂದಿಗೂ ಶ್ರೀಮಂತರ ವಸ್ತುವಲ್ಲ. ಕಿರಾಣಿ ಮತ್ತು ಕಬ್ಬಿಣದಂಗಡಿಗಳಲ್ಲಿ ಸಿಗುವ ದಿನಬಳಕೆಯ ಚಾಕು.

ಐದೇ ಬಿಡಿಭಾಗಗಳು

ಒಪಿನೆಲ್‌ನ ಎಲ್ಲ ಅಳತೆಗಳಲ್ಲಿ ಹೆಚ್ಚು ಜನ ಮೆಚ್ಚಿರುವುದು ಎಂಟನೆಯದು. ಅದರ ಅಲಗಿನ ಉದ್ದ 8.5 ಸೆಂ.ಮೀ. ಮಡಚಿದಾಗ ಹಿಡಿ ಸುಮಾರು 11 ಸೆಂ.ಮೀ. ತೂಕ ಐವತ್ತು ಗ್ರಾಂಗಿಂತ ಕಡಿಮೆ. ವಯಸ್ಕರ ಅಂಗೈಯಲ್ಲಿ ನಾಲ್ಕೂ ಬೆರಳುಗಳು ಹಿಡಿಯ ಮೇಲೆ ಕೂರುತ್ತವೆ, ಜೇಬಿಗೆ ಭಾರವೆನಿಸುವುದಿಲ್ಲ. ಆರನೆಯದು ಸಣ್ಣ ಕೈಗೆ ಸರಿ, ಹತ್ತನೆಯದು ಜೇಬಿಗಿಂತ ಅಡುಗೆಮನೆಗೆ ಸರಿ.

ಇಡೀ ಚಾಕುವಿನಲ್ಲಿ ಇರುವುದು ಐದು ಭಾಗಗಳು ಮಾತ್ರ: ಅಲಗು, ಹಿಡಿ, ಅಲಗು ತಿರುಗುವ ಮೊಳೆ, ಹಿಡಿಯ ಕತ್ತಿಗೆ ಬಿಗಿದ ಸ್ಥಿರ ಉಂಗುರ ಮತ್ತು ಅದರ ಮೇಲೆ ತಿರುಗುವ ಇನ್ನೊಂದು ಉಂಗುರ. ಬೇರೆ ಮಡಚುವ ಚಾಕುಗಳಲ್ಲಿರುವ ಸ್ಪ್ರಿಂಗ್ ಇದರಲ್ಲಿಲ್ಲ. ಅಲಗನ್ನು ಬಿಗಿಯಾಗಿ ಹಿಡಿದಿರುವುದು ಮರ ಮತ್ತು ಉಕ್ಕಿನ ನಡುವಣ ಘರ್ಷಣೆ ಮಾತ್ರ.

ಮೊದಲ ಆರೂವರೆ ದಶಕಗಳ ಕಾಲ ಚಾಕು ಆ ಘರ್ಷಣೆಯ ನಂಬಿಕೆಯ ಮೇಲೆಯೇ ನಡೆಯಿತು. 1955ರಲ್ಲಿ ಜೋಸೆಫ್‌ರ ಮಗ ಮಾರ್ಸೆಲ್ ಒಪಿನೆಲ್ ತಿರುಗುವ ಉಂಗುರವನ್ನು ಸೇರಿಸಿದರು. ಇದಕ್ಕೆ ವಿರೊಬ್ಲಾಕ್ ಎಂದು ಹೆಸರು. ಉಂಗುರದಲ್ಲಿ ಒಂದು ಸೀಳಿದೆ. ಸೀಳು ಅಲಗಿನ ದಾರಿಗೆ ನೇರವಾಗಿದ್ದಾಗ ಚಾಕುವನ್ನು ತೆರೆಯಬಹುದು, ಮಡಚಬಹುದು. ತೆರೆದ ಮೇಲೆ ಉಂಗುರವನ್ನು ಹೆಬ್ಬೆರಳಿನಿಂದ ತಿರುಗಿಸಿದರೆ ಸೀಳು ಬದಿಗೆ ಸರಿದು, ಉಂಗುರದ ಅಂಚು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಆಮೇಲೆ ಅಲಗು ಮಡಚಿಕೊಳ್ಳುವಂತಿಲ್ಲ. 2000ದಿಂದೀಚೆಗೆ ತಯಾರಾದವುಗಳಲ್ಲಿ ಮುಚ್ಚಿದ ಸ್ಥಿತಿಯಲ್ಲಿಯೂ ಹೀಗೆ ಬೀಗ ಹಾಕಬಹುದು. ಚೀಲದೊಳಗೆ ತಾನಾಗಿ ತೆರೆದುಕೊಳ್ಳುವ ಭಯ ಇದರಿಂದ ತಪ್ಪಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಬೀಗ ತಾನಾಗಿ ಬೀಳುವುದಿಲ್ಲ, ನಾವೇ ತಿರುಗಿಸಬೇಕು. ಆತುರದಲ್ಲಿ ಉಂಗುರ ತಿರುಗಿಸುವುದನ್ನು ಮರೆತು ಮೊನೆಯಿಂದ ಏನನ್ನಾದರೂ ಚುಚ್ಚಲು ಹೋದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳಬಹುದು. ಚಾಕು ಕೊಂಡ ಮೊದಲ ವಾರ ಮಾಡಬೇಕಾದ ಅಭ್ಯಾಸ ಇದೊಂದೇ: ತೆರೆ, ತಿರುಗಿಸು, ಆಮೇಲೆ ಕತ್ತರಿಸು. ಮಡಚುವಾಗಲೂ ಅಷ್ಟೆ, ಬೆರಳುಗಳನ್ನು ಹಿಡಿಯ ಸೀಳಿನ ಬಾಯಿಂದ ದೂರವಿಟ್ಟು ಅಲಗಿನ ಬೆನ್ನನ್ನು ಒತ್ತಬೇಕು.

ಕಾರ್ಬನ್ ಉಕ್ಕೋ, ಸ್ಟೇನ್‌ಲೆಸ್ಸೋ?

ನಂ. 8 ಎರಡು ಬಗೆಯ ಉಕ್ಕಿನಲ್ಲಿ ಸಿಗುತ್ತದೆ. ಯಾವುದು ಯಾವುದೆಂಬುದು ಅಲಗಿನ ಮೇಲೆಯೇ ನಮೂದಾಗಿರುತ್ತದೆ. 'ಇನಾಕ್ಸ್' ಎಂದಿದ್ದರೆ ಸ್ಟೇನ್‌ಲೆಸ್, 'ಕಾರ್ಬನ್' ಎಂಬ ಅರ್ಥದ ಫ್ರೆಂಚ್ ಪದವಿದ್ದರೆ ಸಾದಾ ಇಂಗಾಲದ ಉಕ್ಕು. ಅನೇಕರು ಇದನ್ನು ನೋಡದೆ ಕೊಂಡು ಆಮೇಲೆ ತುಕ್ಕು ಹಿಡಿಯಿತೆಂದು ಕೊರಗುತ್ತಾರೆ. ಕೊಳ್ಳುವ ನಿರ್ಧಾರದಲ್ಲಿ ಅತಿ ಮುಖ್ಯವಾದದ್ದು ಈ ಆಯ್ಕೆಯೇ.

ಕಾರ್ಬನ್ ಅಲಗಿನಲ್ಲಿ ಇಂಗಾಲದ ಪ್ರಮಾಣ ಶೇ. 0.9ರ ಆಸುಪಾಸಿನಲ್ಲಿದೆ. ಇದು ಬೇಗ ಹರಿತವಾಗುತ್ತದೆ. ಸಾಮಾನ್ಯ ಸಾಣೆಕಲ್ಲಿನ ಮೇಲೆ ಕೆಲವು ಸಲ ಎಳೆದರೆ ಬಾಯಿ ಮತ್ತೆ ಬರುತ್ತದೆ. ಆದರೆ ಇದರಲ್ಲಿ ತುಕ್ಕನ್ನು ತಡೆಯುವಷ್ಟು ಕ್ರೋಮಿಯಂ ಇಲ್ಲ. ಸ್ಟೇನ್‌ಲೆಸ್ ಅಲಗಿಗೆ ಬಳಸುವ ಸ್ವೀಡನ್ ಮೂಲದ ಉಕ್ಕಿನಲ್ಲಿ ಕ್ರೋಮಿಯಂ ಸುಮಾರು ಶೇ. 14ರಷ್ಟಿರುತ್ತದೆ. ಗಾಳಿಯ ಸಂಪರ್ಕಕ್ಕೆ ಬಂದೊಡನೆ ಆ ಕ್ರೋಮಿಯಂ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆಯನ್ನು ಕಟ್ಟುತ್ತದೆ. ತೇವ, ಹುಳಿ ಎರಡೂ ಆ ಪೊರೆಯನ್ನು ಸುಲಭವಾಗಿ ದಾಟಲಾರವು.

ಕಾರ್ಬನ್ ಉಕ್ಕಿನ ಸ್ವಭಾವ ಕನ್ನಡಿಗರಿಗೆ ಹೊಸದಲ್ಲ. ಮನೆಯಲ್ಲಿ ಕಬ್ಬಿಣದ ಈಳಿಗೆಮಣೆ ಇದ್ದವರು ಬಾಳೆಕಾಯಿ, ಬದನೆಕಾಯಿ, ಮಾವಿನಕಾಯಿ ಹೆಚ್ಚಿದ ಕೂಡಲೇ ಅದರ ಅಲಗು ಕಪ್ಪಾಗುವುದನ್ನು ನೋಡಿರುತ್ತಾರೆ. ಹಣ್ಣು-ತರಕಾರಿಗಳ ಹುಳಿ ಮತ್ತು ಒಗರು ಕಬ್ಬಿಣದೊಂದಿಗೆ ಸೇರಿ ಉಂಟಾಗುವ ಬಣ್ಣ ಅದು. ಒಪಿನೆಲ್‌ನ ಕಾರ್ಬನ್ ಅಲಗೂ ಹೀಗೆಯೇ. ನಿಂಬೆಹಣ್ಣು ಕತ್ತರಿಸಿ ಒರೆಸದೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕಲೆ ಮೂಡುತ್ತದೆ. ಹಣ್ಣಿನ ಹೋಳಿಗೂ ಕಬ್ಬಿಣದ ರುಚಿ ತಟ್ಟುವುದುಂಟು. ದಿನವೂ ಬಳಸಿ ಒರೆಸುತ್ತ ಬಂದರೆ ಅಲಗಿನ ಮೇಲೆ ಬೂದು-ನೀಲಿ ಬಣ್ಣದ ಸಮನಾದ ಲೇಪ ಕೂಡುತ್ತದೆ. ಇದು ತುಕ್ಕಲ್ಲ, ತುಕ್ಕನ್ನು ಸ್ವಲ್ಪಮಟ್ಟಿಗೆ ತಡೆಯುವ ಪೊರೆ. ಕೆಂಪು-ಕಂದು ಬಣ್ಣದ ಪುಡಿಪುಡಿಯಾದ ಕಲೆ ಕಂಡರೆ ಮಾತ್ರ ಅದು ನಿಜವಾದ ತುಕ್ಕು. ಕೂಡಲೇ ಉಜ್ಜಿ ತೆಗೆಯಬೇಕು.

ಹೀಗಾಗಿ, ಚಾಕುವನ್ನು ಬಳಸಿದ ಮರುಕ್ಷಣ ಒರೆಸುವ ಅಭ್ಯಾಸ ಇಲ್ಲದವರಿಗೆ ಕಾರ್ಬನ್ ಅಲಗು ಸಲ್ಲದು. ಅಂಥವರು ಸ್ಟೇನ್‌ಲೆಸ್ ಕೊಂಡರೆ ಕಳೆದುಕೊಳ್ಳುವುದು ಅತ್ಯಲ್ಪ. ಸಾಣೆ ಹಿಡಿಯಲು ತುಸು ಹೆಚ್ಚು ಸಮಯ ಬೇಕಾದೀತು, ಅಷ್ಟೆ.

ಮರದ ಹಿಡಿ ಮತ್ತು ನಮ್ಮ ಮಳೆಗಾಲ

ಮೂಲ ಮಾದರಿಯ ಹಿಡಿ ಬೀಚ್ ಮರದ್ದು. ಗಟ್ಟಿ, ನಯವಾದ ನಾರಿನ, ಕಡೆಯಲು ಸುಲಭವಾದ ಮರ. ಮೇಲೆ ತೆಳುವಾದ ವಾರ್ನಿಷ್ ಇರುತ್ತದೆ. ಆದರೆ ಅಲಗು ಕೂರುವ ಸೀಳಿನ ಒಳಭಾಗ ನೀರನ್ನು ಹೀರುತ್ತದೆ. ನೀರು ಹೀರಿದ ಮರ ಉಬ್ಬುತ್ತದೆ, ಉಬ್ಬಿದ ಮರ ಅಲಗಿನ ಬುಡವನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತದೆ. ಆಗ ಚಾಕು ತೆರೆಯುವುದೇ ಕಷ್ಟ. ಉಗುರಿಗೆ ಸಿಗುವ ಗೀರಿನಲ್ಲಿ ಎಳೆದೆಳೆದು ಉಗುರು ಮುರಿಯುವುದೇ ಬಂತು.

ಇದು ದೋಷವೋ ಗುಣವೋ ಎಂಬ ಚರ್ಚೆ ಹಳೆಯದು. ಸವೋಯ್‌ನ ಜನ ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. ಉಂಗುರವನ್ನು ತೆರೆದ ಸ್ಥಿತಿಗೆ ತಂದು, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಅಥವಾ ಕಲ್ಲಿಗೆ ಮೆಲ್ಲನೆ ಕುಟ್ಟುತ್ತಾರೆ. ಆ ಪೆಟ್ಟಿಗೆ ಅಲಗು ಸೀಳಿನಿಂದ ತುಸು ಹೊರಗೆ ಚಿಮ್ಮುತ್ತದೆ, ಆಮೇಲೆ ಬೆರಳಿಗೆ ಸಿಗುತ್ತದೆ. ಈ ಪಟ್ಟಿಗೆ ಫ್ರೆಂಚರು 'ಸವೋಯ್ ಪೆಟ್ಟು' ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ.

ಆಲ್ಪ್ಸ್‌ನಲ್ಲಿ ಅಪರೂಪಕ್ಕೆ ಬೇಕಾಗುವ ಈ ಉಪಾಯ ಮಂಗಳೂರು, ಕಾರವಾರ, ಆಗುಂಬೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವೂ ಬೇಕಾಗಬಹುದು. ಮರ ಗಾಳಿಯ ತೇವವನ್ನೇ ಹೀರಿ ಉಬ್ಬುತ್ತದೆ, ನೀರಿಗೆ ಬೀಳಲೇಬೇಕೆಂದಿಲ್ಲ. ಕಲಬುರಗಿ, ವಿಜಯಪುರದ ಬೇಸಿಗೆಯಲ್ಲಿ ಇದರ ವಿರುದ್ಧ: ಒಣಗಿದ ಮರ ಕುಗ್ಗಿ ಅಲಗು ಸಡಿಲಗೊಳ್ಳಬಹುದು. ಉಂಗುರ ತಿರುಗಿಸುವ ಅಭ್ಯಾಸ ಅಲ್ಲಿ ಇನ್ನೂ ಮುಖ್ಯ. ಬೆಂಗಳೂರು, ಮೈಸೂರುಗಳ ಹವೆ ಇವೆರಡರ ನಡುವಿನದು.

ಪರಿಹಾರ ಸರಳವಾದದ್ದು. ಹೊಸ ಚಾಕುವಿನ ಸೀಳಿನೊಳಗೆ, ಮೊಳೆಯ ಸುತ್ತ ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯನ್ನು ಒಂದೆರಡು ಹನಿ ಬಿಟ್ಟು, ಒಂದೆರಡು ದಿನ ತೆರೆದೇ ಒಣಗಲು ಇಡಬೇಕು. ಮಳೆಗಾಲ ಆರಂಭವಾಗುವ ಮುನ್ನ ಇದನ್ನು ಪುನರಾವರ್ತಿಸಿದರೆ ಮರ ತೇವ ಹೀರುವುದು ಕಡಿಮೆಯಾಗುತ್ತದೆ. ತೊಳೆಯುವಾಗ ಅಲಗನ್ನು ಮಾತ್ರ ತೊಳೆದು, ಒರೆಸಿ, ಸ್ವಲ್ಪ ಹೊತ್ತು ತೆರೆದಿಟ್ಟು ಆಮೇಲೆ ಮಡಚಬೇಕು. ನೀರಿನಲ್ಲಿ ನೆನೆಹಾಕುವುದು, ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವುದು ಎರಡೂ ನಿಷಿದ್ಧ. ಇಷ್ಟೂ ಬೇಡವೆನ್ನುವ ಕರಾವಳಿಯವರಿಗೆ ಇದೇ ಅಳತೆಯಲ್ಲಿ ಪಾಲಿಮರ್ ಹಿಡಿಯ, ಸ್ಟೇನ್‌ಲೆಸ್ ಅಲಗಿನ 'ಔಟ್‌ಡೋರ್' ಮಾದರಿ ಇದೆ. ಅದರ ಹಿಡಿಯಲ್ಲಿ ಒಂದು ಸೀಟಿಯೂ ಉಂಟು. ಮರದ ಸೊಗಸು ಅದರಲ್ಲಿಲ್ಲ, ಆದರೆ ಅದು ಉಬ್ಬುವುದಿಲ್ಲ.

ಏನು ಮಾಡಬಲ್ಲದು, ಏನು ಮಾಡಲಾರದು?

ನಂ. 8ರ ಅಲಗು ತೆಳುವಾದದ್ದು. ಇದರ ನಿಜವಾದ ಶಕ್ತಿ ಇರುವುದು ಇಲ್ಲಿಯೇ. ದಪ್ಪ ಬೆನ್ನಿನ ಚಾಕು ಸೇಬನ್ನು ಬೆಣೆಯಂತೆ ಸೀಳಿದರೆ, ಒಪಿನೆಲ್ ಅದನ್ನು ನಯವಾಗಿ ಹೋಳು ಮಾಡುತ್ತದೆ. ಹಣ್ಣು, ಸೌತೆಕಾಯಿ, ಬ್ರೆಡ್, ಹಗ್ಗ, ರಟ್ಟಿನ ಪೆಟ್ಟಿಗೆ, ಗಿಡಗಳ ಎಳೆಯ ಕುಡಿ, ಪೆನ್ಸಿಲ್ ಇವೆಲ್ಲಕ್ಕೂ ಅದು ಹೇಳಿ ಮಾಡಿಸಿದಂತಿದೆ. ಪ್ರವಾಸದಲ್ಲಿ ಒಂದು ಪೂರ್ಣ ಊಟದ ತಯಾರಿಯನ್ನೇ ಇದರಿಂದ ಮುಗಿಸಬಹುದು.

ಆದರೆ ತೆಳುವಾದ ಅಲಗು ತಿರುಚುವ ಕೆಲಸಕ್ಕಲ್ಲ. ಡಬ್ಬಿಯ ಮುಚ್ಚಳ ಮೀಟುವುದು, ತಿರುಪು ಬಿಚ್ಚುವುದು, ತೆಂಗಿನಕಾಯಿಯ ಕರಟ ಕೆದಕುವುದು ಮುಂತಾದವನ್ನು ಮಾಡಿದರೆ ಮೊನೆ ಮುರಿಯುತ್ತದೆ, ಇಲ್ಲವೆ ಬಾಯಿ ಹಲ್ಲುಹಲ್ಲಾಗುತ್ತದೆ. ಒಂದೇ ಕೈಯಿಂದ ತೆರೆಯುವ ವ್ಯವಸ್ಥೆಯೂ ಇದರಲ್ಲಿಲ್ಲ. ಎರಡೂ ಕೈ ಬೇಕು. ಮೊಳೆಯನ್ನು ಬಡಿದು ಕೂರಿಸಿರುವುದರಿಂದ ಬಿಚ್ಚಿ ಸ್ವಚ್ಛಗೊಳಿಸುವುದು ಮನೆಯಲ್ಲಿ ಸುಲಭವಲ್ಲ.

ತಿರುಪುಳಿ, ಡಬ್ಬಿ ತೆರೆಯುವ ಸಾಧನ, ಕತ್ತರಿ ಬೇಕೆನ್ನುವವರು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಚಾಕುಗಳತ್ತ ನೋಡುವುದೇ ಸರಿ. ಅವುಗಳಲ್ಲಿ 'ಸ್ಪಾರ್ಟನ್' ಎಂಬ 91 ಮಿ.ಮೀ. ಉದ್ದದ ಮಾದರಿಯಲ್ಲಿ ಎರಡು ಅಲಗುಗಳ ಜೊತೆಗೆ ಡಬ್ಬಿ ಮತ್ತು ಬಾಟಲಿ ತೆರೆಯುವ ಉಪಕರಣ, ತಿರುಪುಳಿ, ಚಿಮಟ ಎಲ್ಲವೂ ಇವೆ. ಕತ್ತರಿಯೂ ಬೇಕಿದ್ದರೆ 'ಕ್ಲೈಂಬರ್' ಇದೆ. ಆದರೆ ಇವುಗಳ ಅಲಗು ಸ್ಪ್ರಿಂಗ್‌ನ ಒತ್ತಡದಿಂದ ನಿಲ್ಲುತ್ತದೆ, ಬೀಗವಿಲ್ಲ. ಹಿಡಿಯೂ ಒಪಿನೆಲ್‌ನಷ್ಟು ಅಂಗೈ ತುಂಬುವುದಿಲ್ಲ. ಒಂದು ಹತ್ತು ಕೆಲಸಗಳಿಗೆ ಒದಗುವ ಪೆಟ್ಟಿಗೆ, ಇನ್ನೊಂದು ಒಂದೇ ಕೆಲಸವನ್ನು ಚೆನ್ನಾಗಿ ಮಾಡುವ ಚಾಕು. ಕತ್ತರಿಸುವುದೇ ಮುಖ್ಯವಾಗಿದ್ದರೆ ಒಪಿನೆಲ್ ಮೇಲು.

ಸಾಣೆ ಹಿಡಿಯುವ ಬಗೆ

ಮೊಂಡು ಚಾಕು ಹರಿತವಾದದ್ದಕ್ಕಿಂತ ಅಪಾಯಕಾರಿ ಎಂಬ ಮಾತು ಸುಳ್ಳಲ್ಲ. ಮೊಂಡಾದಾಗ ನಾವು ಹೆಚ್ಚು ಬಲ ಹಾಕುತ್ತೇವೆ, ಆ ಬಲಕ್ಕೆ ಅಲಗು ಜಾರಿ ಕೈಗೆ ತಗಲುತ್ತದೆ. ಬೀದಿಯಲ್ಲಿ ಚಕ್ರ ತುಳಿಯುತ್ತ ಸಾಣೆ ಹಿಡಿಯುವವರ ಕೂಗು ನಗರಗಳಲ್ಲಿ ಈಗ ಅಪರೂಪ. ಅಲ್ಲದೆ ವೇಗವಾಗಿ ತಿರುಗುವ ಒಣ ಚಕ್ರದ ಬಿಸಿಗೆ ಒಪಿನೆಲ್‌ನಂಥ ತೆಳು ಅಲಗಿನ ಗಡಸುತನ ಹಾಳಾಗುವ ಸಂಭವವಿದೆ. ಆದ್ದರಿಂದ ಮನೆಯಲ್ಲೇ ಕಲಿಯುವುದು ಲೇಸು.

ಒಂದು ಬದಿ ಒರಟು, ಇನ್ನೊಂದು ಬದಿ ನಯವಾಗಿರುವ ಸಾಧಾರಣ ಸಾಣೆಕಲ್ಲು ಸಾಕು. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಅಲಗನ್ನು ಸುಮಾರು 20 ಡಿಗ್ರಿ ಓರೆಯಲ್ಲಿಟ್ಟು, ತೆಳುವಾದ ಹೋಳನ್ನು ಕಲ್ಲಿನಿಂದಲೇ ಕೊಯ್ಯುವಂತೆ ಬುಡದಿಂದ ಮೊನೆಯವರೆಗೆ ಎಳೆಯಬೇಕು. ಒಂದು ಬದಿಯನ್ನು ಎಳೆದಾಗ ಎದುರು ಬದಿಯ ಅಂಚಿನಲ್ಲಿ ಬೆರಳಿಗೆ ತಟ್ಟುವ ಸಣ್ಣ ಒರಟು ಏಳುತ್ತದೆ. ಅದು ಅಂಚಿನುದ್ದಕ್ಕೂ ಎದ್ದರೆ ಬದಿ ಬದಲಿಸುವ ಸಮಯವಾಯಿತೆಂದರ್ಥ. ಕೊನೆಗೆ ನಯವಾದ ಬದಿಯಲ್ಲಿ ಹಗುರವಾಗಿ ಎಳೆದು ಆ ಒರಟನ್ನು ತೆಗೆಯಬೇಕು. ಪತ್ರಿಕೆಯ ಹಾಳೆಯನ್ನು ಹರಿಯದೆ ಕತ್ತರಿಸಿದರೆ ಚಾಕು ಸಿದ್ಧ.

ಕಾನೂನಿನ ದೃಷ್ಟಿಯಲ್ಲಿ

ಇಂಥ ಚಾಕು ಇಟ್ಟುಕೊಳ್ಳುವುದು ಅಪರಾಧವೆ ಎಂಬ ಪ್ರಶ್ನೆ ಸಹಜ. 1959ರ ಆಯುಧ ಕಾಯ್ದೆಯಡಿ ರೂಪಿತವಾದ 2016ರ ನಿಯಮಗಳು ಖಡ್ಗ, ಕಠಾರಿ, ಚಾಕು ಮೊದಲಾದವನ್ನು ಆಯುಧಗಳ ಪಟ್ಟಿಗೆ ಸೇರಿಸುವಾಗ ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವವನ್ನು ಹೆಸರಿಸುತ್ತವೆ. ಗೃಹ, ಕೃಷಿ, ವೈಜ್ಞಾನಿಕ ಮತ್ತು ಕೈಗಾರಿಕಾ ಬಳಕೆಯವನ್ನು ಹೊರಗಿಡುತ್ತವೆ. ನಂ. 8ರ ಅಲಗು ಮೂರೂವರೆ ಅಂಗುಲವನ್ನೂ ಮುಟ್ಟುವುದಿಲ್ಲ.

ಹಾಗೆಂದು ಎಲ್ಲೆಂದರಲ್ಲಿ ಒಯ್ಯಬಹುದೆಂದಲ್ಲ. ನಿಷೇಧಾಜ್ಞೆ ಜಾರಿಯಲ್ಲಿರುವ ಪ್ರದೇಶದಲ್ಲಿ ಅದರ ನಿಬಂಧನೆಗಳೇ ಅಂತಿಮ. ವಿಮಾನದ ಕೈಚೀಲದಲ್ಲಿ ಚಾಕುವಿಗೆ ಅವಕಾಶವಿಲ್ಲ. ಸರಕಿನ ಜೊತೆ ಕಳುಹಿಸುವ ಪೆಟ್ಟಿಗೆಯಲ್ಲಿಡಬೇಕು. ಮರೆತು ಜೇಬಿನಲ್ಲೇ ಉಳಿದರೆ ತಪಾಸಣೆಯ ಮೇಜಿನ ಮೇಲೆ ಅದನ್ನು ಬಿಟ್ಟುಬರಬೇಕಾದೀತು. ಮೆಟ್ರೊ ನಿಲ್ದಾಣ, ನ್ಯಾಯಾಲಯ, ಪರೀಕ್ಷಾ ಕೇಂದ್ರಗಳಿಗೂ ಒಯ್ಯದಿರುವುದೇ ವಿವೇಕ.

ಬ್ರಿಟನ್ನಿನಲ್ಲಿರುವ ಕನ್ನಡಿಗರು, ಅಲ್ಲಿಗೆ ಓದಲು ಹೋಗುವ ವಿದ್ಯಾರ್ಥಿಗಳು ಇನ್ನಷ್ಟು ಎಚ್ಚರ ವಹಿಸಬೇಕು. ಅಲ್ಲಿ ಸಾರ್ವಜನಿಕ ಸ್ಥಳದಲ್ಲಿ ಸಕಾರಣವಿಲ್ಲದೆ ಜೊತೆಗಿಟ್ಟುಕೊಳ್ಳಬಹುದಾದದ್ದು ಮೂರು ಅಂಗುಲ ಮೀರದ, ಬೀಗವಿಲ್ಲದ ಮಡಚುವ ಚಾಕು ಮಾತ್ರ. ನಂ. 8 ಈ ಎರಡೂ ಷರತ್ತುಗಳನ್ನು ಮೀರುತ್ತದೆ. ಬೆರಳನ್ನು ಕಾಯುವ ಉಂಗುರವೇ ಅಲ್ಲಿ ಕಾನೂನಿನ ತೊಡಕಾಗುತ್ತದೆ.

ಕೊಳ್ಳುವ ಮುನ್ನ

ಫ್ರಾನ್ಸಿನಲ್ಲಿ ಬೀಚ್ ಹಿಡಿಯ ಸಾದಾ ನಂ. 8 ಇಪ್ಪತ್ತು ಯೂರೊಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಸಾಗಣೆ, ಸುಂಕ, ಮಾರಾಟಗಾರರ ಲಾಭ ಸೇರಿ ನಮ್ಮಲ್ಲಿ ಬೆಲೆ ಏರುವುದು ಸಹಜ. ಆದರೆ ಆ ಬೆಲೆಯ ಹಲವು ಪಟ್ಟು ಕೇಳಿದರೆ ಕೊಳ್ಳುವ ಅಗತ್ಯವಿಲ್ಲ. ಆಲಿವ್, ವಾಲ್‌ನಟ್ ಮರದ ಹಿಡಿಯವು ನೋಡಲು ಚೆಂದ, ಕತ್ತರಿಸುವುದರಲ್ಲಿ ವ್ಯತ್ಯಾಸವಿಲ್ಲ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ನಾಲ್ಕು ಸಂಗತಿಗಳನ್ನು ನೋಡಬೇಕು. ಅಲಗಿನ ಮೇಲೆ ಕಿರೀಟದ ಹಸ್ತ ಸ್ಪಷ್ಟವಾಗಿದೆಯೆ. ಉಕ್ಕಿನ ಬಗೆ ನಮೂದಾಗಿದೆಯೆ. ಮಡಚಿದಾಗ ಅಲಗು ಸೀಳಿನ ನಡುವೆ ಕೂರುತ್ತದೆಯೆ. ತೆರೆದು ಉಂಗುರ ತಿರುಗಿಸಿದ ಮೇಲೆ ಅಲುಗಾಟವಿಲ್ಲದೆ ನಿಲ್ಲುತ್ತದೆಯೆ. ಹಿಡಿ ಮರದ್ದಾದ್ದರಿಂದ ಒಂದು ಚಾಕು ಬಿಗಿಯಾಗಿ, ಇನ್ನೊಂದು ಸಡಿಲವಾಗಿ ಇರುವುದುಂಟು. ಸಾಧ್ಯವಾದರೆ ಎರಡು-ಮೂರನ್ನು ತೆರೆದು ನೋಡಿ ಆರಿಸಬೇಕು. ಮಕ್ಕಳಿಗಾದರೆ ಮೊನೆಯಿಲ್ಲದ, ದುಂಡುತುದಿಯ ಏಳನೇ ಅಳತೆಯದು ಬೇರೆಯೇ ಇದೆ. ಅದನ್ನೂ ಹಿರಿಯರ ಕಣ್ಣೆದುರು ಮಾತ್ರ ಕೊಡಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ಹಣ್ಣು-ತರಕಾರಿ, ಕೈತೋಟ, ಪ್ರವಾಸಗಳಿಗೆ ಒಂದು ಒಳ್ಳೆಯ ಚಾಕು ಬೇಕೆನ್ನುವ ಬಯಲುಸೀಮೆಯ ಮತ್ತು ಬೆಂಗಳೂರು-ಮೈಸೂರುಗಳ ಗ್ರಾಹಕರು ಸ್ಟೇನ್‌ಲೆಸ್ ಅಲಗಿನ, ಬೀಚ್ ಹಿಡಿಯ ನಂ. 8 ಅನ್ನು ನಿಸ್ಸಂಕೋಚವಾಗಿ ಕೊಳ್ಳಬಹುದು. ಕರಾವಳಿ-ಮಲೆನಾಡಿನವರು ಎಣ್ಣೆ ಹಚ್ಚುವ ತಾಳ್ಮೆಯಿದ್ದರೆ ಅದನ್ನೇ, ಇಲ್ಲದಿದ್ದರೆ ಪಾಲಿಮರ್ ಹಿಡಿಯದನ್ನು ಆರಿಸಿಕೊಳ್ಳಲಿ. ಕಾರ್ಬನ್ ಅಲಗನ್ನು ಈಳಿಗೆಮಣೆಯನ್ನು ಒರೆಸಿಡುವ ಶಿಸ್ತು ಉಳಿಸಿಕೊಂಡವರು ಮಾತ್ರ ಕೊಳ್ಳಲಿ. ಅವರಿಗೆ ಅದರಷ್ಟು ಸಂತೋಷ ಕೊಡುವ ಚಾಕು ಈ ಬೆಲೆಯಲ್ಲಿ ಸಿಗುವುದು ಕಷ್ಟ. ಒರೆಸುವುದು, ಒಣಗಿಸುವುದು, ಉಂಗುರ ತಿರುಗಿಸುವುದು ಈ ಮೂರೂ ತಮ್ಮಿಂದ ಆಗದೆನ್ನುವವರು ಹಣ ಉಳಿಸಿಕೊಳ್ಳುವುದೇ ಮೇಲು. ಪಾತ್ರೆ ಅಂಗಡಿಯ ಸಾದಾ ಚಾಕು ಅವರಿಗೆ ಸಾಕು.